ಅಳತೆಗಾರ ಲ್ಯಾಂಬ್ಟನ್

ಪುಲಿಗೆರೆಯೆಂದು ಹಿಂದೆ ಹೆಸರಾಗಿದ್ದ ಲಕ್ಷ್ಮೇಶ್ವರದ ಶಿಲಾಶಾಸನಗಳಲ್ಲಿ ಬಸದಿ ದೇಗುಲಗಳಿಗೆ ಬಿಟ್ಟ ಭೂದತ್ತಿಗಳ ವಿವರವನ್ನು ಕಾಣುತ್ತೇವೆ. ಭೂಮಿಯನ್ನಳೆಯುವ ಕೋಲೇ ಸರಿಯಿಲ್ಲದಿದ್ದರೆ ದಾನವೂ ಕೆಡುತ್ತದೆ, ನ್ಯಾಯವೂ ಕೆಡುತ್ತದೆ. ಅಳೆಯುವವನು ಮೊದಲು ತನ್ನ ಸಾಧನವನ್ನೇ ಅಳೆಯಬೇಕೆಂಬುದನ್ನು ಬಾಳಿನಿಂದ ತೋರಿಸಿಕೊಟ್ಟವನು ವಿಲಿಯಂ ಲ್ಯಾಂಬ್ಟನ್.

ಯಾರ್ಕ್‌ಷೈರಿನ ಸಾಮಾನ್ಯ ಮನೆತನದಲ್ಲಿ ಹುಟ್ಟಿದ ಈತ 33ನೆಯ ಪದಾತಿದಳದ ಅಧಿಕಾರಿಯಾಗಿ ಅಮೆರಿಕದಲ್ಲಿ ದುಡಿದು, 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದನು. ಒಂದು ರಾತ್ರಿ ದಂಡು ದಿಕ್ಕು ತಪ್ಪಿ ಶತ್ರುವಿನ ಕಡೆಗೇ ನಡೆಯುತ್ತಿದ್ದುದನ್ನು ನಕ್ಷತ್ರಗಳಿಂದ ಅರಿತು ಎಚ್ಚರಿಸಿದವನು ಇವನೇ. ಯುದ್ಧಾನಂತರ, ದಕ್ಷಿಣ ಭಾರತವನ್ನು ಕಡಲಿಂದ ಕಡಲಿಗೆ ತ್ರಿಕೋನಗಳಿಂದ ಅಳೆಯುವ ಯೋಜನೆಯನ್ನು ಮುಂದಿಟ್ಟನು. 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯಿಂದ ಆಧಾರರೇಖೆಯ ಅಳತೆಯಾಯಿತು. 1802ರಲ್ಲಿ ಮದರಾಸಿನಿಂದ ಮಹಾಕಾರ್ಯ ಮೊದಲಾಯಿತು. ತ್ರಿಕೋನಗಳ ಸರಣಿ ಬೆಂಗಳೂರನ್ನು ಮುಟ್ಟಿದ ಮೇಲೆ, 1804ರಲ್ಲಿ ಅಲ್ಲಿ ಇನ್ನೊಂದು ರೇಖೆಯನ್ನಳೆದು ತಾಳೆ ನೋಡಿದರು. ಸುಮಾರು ಏಳು ಮೈಲಿಯ ಉದ್ದದಲ್ಲಿ ಗಣಿತಕ್ಕೂ ಅಳತೆಗೂ ಬಂದ ಅಂತರ ನಾಲ್ಕು ಅಂಗುಲಕ್ಕೂ ಕಡಮೆ.

ಈ ಸಾಧನೆಯ ಜೀವಾಳ ವಿಲಿಯಂ ಕ್ಯಾರಿ ನಿರ್ಮಿಸಿದ ಥಿಯೋಡೊಲೈಟು. ಅದರ ತೂಕ ಅರ್ಧ ಟನ್ನಿನಷ್ಟು; ಅಂಶಗಳನ್ನು ಕೊರೆದ ಅಡ್ಡಚಕ್ರದ ವ್ಯಾಸ 36 ಅಂಗುಲ. ಇಂಥ ಚಕ್ರದ ಕೇಂದ್ರ ಕೂದಲೆಳೆಯಷ್ಟು ಸರಿದಿದ್ದರೂ, ಎದುರುಬದುರಿನ ಎರಡು ಸೂಕ್ಷ್ಮದರ್ಶಕಗಳಲ್ಲಿ ಓದಿ ಸರಾಸರಿ ತೆಗೆದರೆ ಆ ದೋಷ ಕಳೆದುಹೋಗುತ್ತದೆ. ಆದರೆ ಚಕ್ರವೇ ತನ್ನ ದುಂಡುತನವನ್ನು ಕಳೆದುಕೊಂಡರೆ?

1808ರಲ್ಲಿ ತಂಜಾವೂರಿನಲ್ಲಿ ಅದೇ ಸಂಭವಿಸಿತು. ಯಂತ್ರವನ್ನು ದೇವಾಲಯದ ಗೋಪುರಕ್ಕೆ ಏರಿಸುತ್ತಿದ್ದಾಗ ಹಗ್ಗ ಹರಿದು, ಅದು ಗೋಡೆಗೆ ಅಪ್ಪಳಿಸಿತು, ಚಕ್ರ ವಕ್ರವಾಯಿತು. ಇನ್ನೊಂದು ಯಂತ್ರ ಬರಬೇಕಾದರೆ ವಿಲಾಯತಿಯಿಂದಲೇ ಬರಬೇಕು. ಅಲ್ಲಿಯವರೆಗೆ ಸರ್ವೇಕ್ಷಣೆ ನಿಲ್ಲಬೇಕು. ಲ್ಯಾಂಬ್ಟನ್ ಯಾರನ್ನೂ ದೂರುತ್ತ ಕೂರಲಿಲ್ಲ. ಮುಖ್ಯ ಕುಶಲಕರ್ಮಿಯೊಡನೆ ಡೇರೆಯ ಬಾಗಿಲು ಮುಚ್ಚಿಕೊಂಡನು. ಮೊದಲಿನ ಗಾತ್ರದ ವೃತ್ತವೊಂದನ್ನು ಬರೆದು, ಬೆಣೆ, ತಿರುಪು, ರಾಟೆಗಳಿಂದ ಬಾಗಿದ ಅಂಚನ್ನು ಇಷ್ಟಿಷ್ಟೇ ಎಳೆದು ಆ ಗೆರೆಗೆ ಕೂಡಿಸಿದನು. ಡೊಂಕಾದ ಅರಗಳನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ತಿದ್ದಿದನು. ಆರು ವಾರಗಳಲ್ಲಿ ಚಕ್ರ ಬಹುಮಟ್ಟಿಗೆ ಹಿಂದಿನ ರೂಪಕ್ಕೆ ಬಂದಿತು. ಕಾರ್ಯ ಮತ್ತೆ ಸಾಗಿತು. 1811ರಲ್ಲಿ ಗುತ್ತಿಯ ಬಳಿ ಹೊಸ ಆಧಾರರೇಖೆಯ ಅಳತೆಯೂ ನಡೆಯಿತು.

1823ರ ಜನವರಿ 20ರಂದು, ವಾರ್ಧಾ ಸೀಮೆಯ ಹಿಂಗಣಘಾಟಿನಲ್ಲಿ, ಸರ್ವೇಕ್ಷಣೆಯ ಹಾದಿಯಲ್ಲಿಯೇ ಆತನು ಕೊನೆಯುಸಿರೆಳೆದನು. ಉಳಿದ ಕೆಲಸ ಜಾರ್ಜ್ ಎವರೆಸ್ಟನ ಪಾಲಿಗೆ ಬಂದಿತು. ಜಗತ್ತಿನ ಅತ್ಯುನ್ನತ ಶಿಖರ ಆ ಶಿಷ್ಯನ ಹೆಸರನ್ನು ಹೊತ್ತಿದೆ; ಗುರುವಿನ ಹೆಸರನ್ನು ಬಲ್ಲವರು ವಿರಳ. ದೋಷವನ್ನು ಮುಚ್ಚಿಡದೆ, ಅದರೆದುರು ಕುಳಿತು ತಿದ್ದಿದವನ ಆ ಆರು ವಾರಗಳು ಎಲ್ಲ ವಿದ್ಯಾರ್ಥಿಗಳಿಗೂ ಪಾಠವಾಗತಕ್ಕವು.