ಮಿನುಗುತಾರೆ ಕಲ್ಪನಾ

ನಮ್ಮ ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಾಲ, ಠೇವಣಿ, ಗೊಬ್ಬರ, ಷೇರು ಬಂಡವಾಳದ ಲೆಕ್ಕಗಳ ನಡುವೆ ಒಬ್ಬ ಸಿನಿಮಾ ನಟಿಯ ಬದುಕಿನ ಕಥೆ ಯಾಕೆ ಬಂತು ಅಂತ ಕೆಲವು ಸದಸ್ಯ ಬಾಂಧವರು ಹುಬ್ಬೇರಿಸಬಹುದು. ಆದರೆ ಊರಿನ ಹಿರಿಯ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳಿ ನೋಡಿ. ಟೆಂಟ್ ಸಿನಿಮಾದ ಕಾಲದಲ್ಲಿ ಗಾಡಿ ಕಟ್ಟಿಕೊಂಡು, ಮಡಿಲಲ್ಲಿ ಮಗು ಇಟ್ಟುಕೊಂಡು, ನೆಲದ ಮೇಲೆ ಕೂತು ಯಾರ ಸಿನಿಮಾ ನೋಡಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿರಿ ಅಂದರೆ, ಹತ್ತರಲ್ಲಿ ಎಂಟು ಮಂದಿ ಹೇಳುವ ಹೆಸರು ಕಲ್ಪನಾ. ಆಕೆ ತೀರಿಹೋಗಿ ನಾಲ್ಕು ದಶಕಗಳೇ ಕಳೆದವು. ಹೆಸರು ಮಾತ್ರ ಇನ್ನೂ ಹಾಗೇ ಇದೆ. ಅಂಥವರ ಬದುಕನ್ನು ಒಮ್ಮೆ ನೆನೆಯುವುದರಿಂದ ನಮಗೂ ಲಾಭವಿದೆ ಎಂಬ ನಂಬಿಕೆಯಿಂದ ಈ ನಾಲ್ಕು ಮಾತು ಬರೆದಿದ್ದೇನೆ.

ಹುಟ್ಟು ಮತ್ತು ಮೊದಲ ಹೆಜ್ಜೆ

ಕಲ್ಪನಾ ಅವರು ಹುಟ್ಟಿದ್ದು 1943ರ ಜುಲೈ 18ರಂದು, ದಕ್ಷಿಣ ಕನ್ನಡದಲ್ಲಿ. ಮನೆಯಲ್ಲಿ ಇಟ್ಟ ಹೆಸರು ಶರತ್‌ಲತಾ. ಕಲ್ಪನಾ ಅನ್ನುವುದು ಸಿನಿಮಾ ಕೊಟ್ಟ ಹೆಸರು. ಆಗಿನ ಕಾಲದಲ್ಲಿ ಹೆಣ್ಣುಮಗಳೊಬ್ಬಳು ಬಣ್ಣ ಹಚ್ಚುತ್ತೇನೆ ಅಂದರೆ ಮನೆಯವರಿಗೂ ನೆಂಟರಿಗೂ ಸುಲಭವಾಗಿ ಗಂಟಲಲ್ಲಿ ಇಳಿಯುವ ಮಾತಾಗಿರಲಿಲ್ಲ. ಮೇಲಾಗಿ ಕನ್ನಡ ಸಿನಿಮಾಗಳು ಹೆಚ್ಚಾಗಿ ತಯಾರಾಗುತ್ತಿದ್ದದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಅವಕಾಶ ಬೇಕು ಅಂದರೆ ಊರು ಬಿಟ್ಟು ಅಲ್ಲಿಗೇ ಹೋಗಬೇಕಿತ್ತು.

ಅವರ ಕೈ ಹಿಡಿದವರು ಬಿ. ಆರ್. ಪಂತುಲು. 'ಸ್ಕೂಲ್ ಮಾಸ್ಟರ್', 'ಕಿತ್ತೂರು ಚೆನ್ನಮ್ಮ' ಚಿತ್ರಗಳನ್ನು ಕೊಟ್ಟ ದೊಡ್ಡ ನಿರ್ಮಾಪಕ, ನಿರ್ದೇಶಕರು ಅವರು. 1963ರಲ್ಲಿ ತೆರೆಕಂಡ ಅವರ 'ಸಾಕು ಮಗಳು' ಚಿತ್ರದಲ್ಲಿ ರಾಜ್‌ಕುಮಾರ್ ಜೊತೆ ಕಲ್ಪನಾ ಅವರು ಮೊದಲ ಬಾರಿಗೆ ಕಾಣಿಸಿಕೊಂಡರು. ಹೊಸ ಮುಖ, ತೆಳ್ಳಗಿನ ಮೈಕಟ್ಟು, ದೊಡ್ಡ ಕಣ್ಣು. ಮಾತಿನಲ್ಲಿ ಅಕ್ಷರ ಅಕ್ಷರವೂ ಸ್ಪಷ್ಟ. ಆದರೂ ಒಂದೇ ಚಿತ್ರದಿಂದ ಮೇಲೇರಿದವರಲ್ಲ ಅವರು. ಮುಂದಿನ ಮೂರು ನಾಲ್ಕು ವರ್ಷ ಸಿಕ್ಕ ಪಾತ್ರಗಳನ್ನು ಮಾಡುತ್ತಾ, ತಮಿಳಿನ ಕಡೆಗೂ ಹೋಗಿ 1966ರಲ್ಲಿ 'ಮದ್ರಾಸ್ ಟು ಪಾಂಡಿಚೇರಿ' ಚಿತ್ರದಲ್ಲಿ ನಾಯಕಿಯಾದರು. ಬಿತ್ತಿದ ಕಾಳು ಮೊಳಕೆ ಒಡೆಯುವುದಕ್ಕೂ ಒಂದು ಹದ ಮಳೆ ಬೇಕು. ಆ ಮಳೆ ಬಂದದ್ದು 1967ರಲ್ಲಿ.

ಬೆಳ್ಳಿಮೋಡ

ಪಂತುಲು ಅವರ ಗರಡಿಯಲ್ಲೇ ಪಳಗಿದ ಪುಟ್ಟಣ್ಣ ಕಣಗಾಲ್ ಅವರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ 'ಬೆಳ್ಳಿಮೋಡ'. ಕಥೆ ತ್ರಿವೇಣಿ ಅವರ ಕಾದಂಬರಿಯದು. ಎಸ್ಟೇಟ್ ಯಜಮಾನರ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಬೇಕಾದ ಹುಡುಗನನ್ನು ಅವಳ ತಂದೆಯೇ ಹಣ ಹಾಕಿ ಪರದೇಶಕ್ಕೆ ಓದಲು ಕಳಿಸುತ್ತಾರೆ. ಅಷ್ಟರಲ್ಲಿ ಇಂದಿರಾಳಿಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಇನ್ನು ಅವಳಿಗಲ್ಲ ಅಂತ ಗೊತ್ತಾದ ಕೂಡಲೇ ಹುಡುಗನ ಮನಸ್ಸು ತಿರುಗುತ್ತದೆ. ಮುಂದೆ ಅವನೇ ಪೆಟ್ಟುಬಿದ್ದು ಮಲಗಿದಾಗ ಇಂದಿರಾ ಅವನ ಸೇವೆ ಮಾಡುತ್ತಾಳೆ. ಅವನು ಪಶ್ಚಾತ್ತಾಪಪಟ್ಟು ಕೈ ಚಾಚುತ್ತಾನೆ. ಆಗ ಇಂದಿರಾ ಒಲ್ಲೆ ಅನ್ನುತ್ತಾಳೆ.

ಈ ಒಂದು ಒಲ್ಲೆ ಇದೆಯಲ್ಲ, ಅದೇ ಈ ಚಿತ್ರದ ಜೀವಾಳ. ಗಂಡು ಬಂದು ಕ್ಷಮಿಸು ಅಂದರೆ ಹೆಣ್ಣು ಕಣ್ಣೀರು ಹಾಕಿ ಕಾಲಿಗೆ ಬೀಳುವುದನ್ನೇ ನೋಡಿದ್ದ ಜನ, ಕಲ್ಪನಾ ಅವರು ತಣ್ಣಗೆ, ಗಟ್ಟಿಯಾಗಿ ನಿರಾಕರಿಸಿದ್ದನ್ನು ಬೆರಗಾಗಿ ನೋಡಿದರು. ವರದಕ್ಷಿಣೆಯ ಮಾತುಕತೆಯಲ್ಲಿ ಹೆಣ್ಣಿಗಿಂತ ಗದ್ದೆ ತೋಟದ ಪಹಣಿಯನ್ನೇ ಮೊದಲು ಕೇಳುವ ಸಂಬಂಧಗಳನ್ನು ನಾವೂ ಕಂಡವರೇ. ಆದ್ದರಿಂದ ಈ ಕಥೆ ಎಸ್ಟೇಟಿನದಾದರೂ ಹಳ್ಳಿಯ ಮನೆಮನೆಗೂ ತಟ್ಟಿತು. ವರಕವಿ ಬೇಂದ್ರೆಯವರ 'ಬೆಳಗು' ಕವನವನ್ನು ಎಸ್. ಜಾನಕಿಯವರ ದನಿಯಲ್ಲಿ ಓದು ಬಾರದವರ ಬಾಯಿಗೂ ತಲುಪಿಸಿದ್ದು ಇದೇ ಚಿತ್ರ. ವಿಜಯಭಾಸ್ಕರ್ ಅವರ ಸಂಗೀತ, ಕಲ್ಯಾಣ್‌ಕುಮಾರ್, ಅಶ್ವಥ್, ಪಂಢರಿಬಾಯಿ ಅವರ ಅಭಿನಯ ಎಲ್ಲ ಕೂಡಿಬಂದು ಕಲ್ಪನಾ ಅವರು ಮೊದಲ ಸಾಲಿನ ನಟಿಯಾದರು.

ಒಂದಾದ ಮೇಲೊಂದು ಪಾತ್ರ

1968ರಲ್ಲಿ ಎಂ. ಆರ್. ವಿಠಲ್ ಅವರ 'ಹಣ್ಣೆಲೆ ಚಿಗುರಿದಾಗ' ಬಂತು. ಇದೂ ತ್ರಿವೇಣಿಯವರ ಕಾದಂಬರಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಹುಡುಗಿಯ ಪಾತ್ರ. ವಿಧವೆಗೆ ಮತ್ತೆ ಮದುವೆ ಅನ್ನುವ ಮಾತನ್ನು ಪಿಸುಗುಟ್ಟಿ ಆಡುತ್ತಿದ್ದ ಕಾಲದಲ್ಲಿ ಅದನ್ನು ಪರದೆಯ ಮೇಲೆ ಎಲ್ಲರೆದುರು ಆಡಿದ ಚಿತ್ರ. ಅದೇ ವರ್ಷ ಚದುರಂಗ ಅವರ 'ಸರ್ವಮಂಗಳಾ', ಗೀತಪ್ರಿಯ ಅವರ 'ಮಣ್ಣಿನ ಮಗ'. ರಾಜ್‌ಕುಮಾರ್ ರೈತನಾಗಿ ಅಭಿನಯಿಸಿದ 'ಮಣ್ಣಿನ ಮಗ' ನಮ್ಮಂಥ ಊರುಗಳವರಿಗೆ ತಮ್ಮದೇ ಹೊಲದ ಬದುವಿನ ಕಥೆ ಅನ್ನಿಸಿತು.

1969ರಲ್ಲಿ ಪುಟ್ಟಣ್ಣನವರ 'ಕಪ್ಪು ಬಿಳುಪು' ಚಿತ್ರದಲ್ಲಿ ಕಲ್ಪನಾ ಅವರದು ಎರಡು ಪಾತ್ರ. ಒಬ್ಬಳ ನಡೆ ಒಂದು ಥರ, ಇನ್ನೊಬ್ಬಳ ನಡೆ ಇನ್ನೊಂದು ಥರ. ನಡಿಗೆ, ಮಾತು, ನೋಟ ಎಲ್ಲವನ್ನೂ ಬೇರೆ ಮಾಡಿ ತೋರಿಸಿದರು.

ಆಮೇಲೆ ಬಂದದ್ದು 'ಗೆಜ್ಜೆಪೂಜೆ'. ಎಂ. ಕೆ. ಇಂದಿರಾ ಅವರ ಕಥೆ. ಗೆಜ್ಜೆ ಕಟ್ಟುವ ಮನೆತನದಲ್ಲಿ ಹುಟ್ಟಿದ ಚಂದ್ರಾ ಎಲ್ಲರಂತೆ ಓದಿ, ಎಲ್ಲರಂತೆ ಮದುವೆಯಾಗಿ, ಒಂದು ಸಂಸಾರ ಕಟ್ಟಿಕೊಳ್ಳಬೇಕು ಅಂತ ಆಸೆಪಡುತ್ತಾಳೆ. ಅದೇನೂ ದೊಡ್ಡ ಆಸೆಯಲ್ಲ. ಆದರೆ ಮನೆಯ ರೂಢಿ, ಊರಿನ ನಾಲಿಗೆ ಎರಡೂ ಬಿಡುವುದಿಲ್ಲ. ಕೊನೆಗೆ ಆ ಪದ್ಧತಿಗೇ ಬಲಿಯಾಗುತ್ತಾಳೆ. ತಾಯಿಯಾಗಿ ಲೀಲಾವತಿ, ಅಜ್ಜಿಯಾಗಿ ಪಂಢರಿಬಾಯಿ, ನಡುವೆ ಮಗಳಾಗಿ ಕಲ್ಪನಾ. ಮೂರು ತಲೆಮಾರಿನ ಹೆಣ್ಣುಗಳ ಸಂಕಟವನ್ನು ಒಂದೇ ಚೌಕಟ್ಟಿನಲ್ಲಿ ಇಟ್ಟ ಚಿತ್ರ ಅದು. ದೇವದಾಸಿಯರಾಗಿ ಹೆಣ್ಣುಮಕ್ಕಳನ್ನು ಅರ್ಪಿಸುವುದನ್ನು ತಡೆಯುವ ಕಾನೂನು ನಮ್ಮ ರಾಜ್ಯದಲ್ಲಿ ಆದದ್ದು 1982ರಲ್ಲಿ. ಆ ನೋವನ್ನು ಈ ಚಿತ್ರ ಅದಕ್ಕೂ ಹತ್ತು ಹನ್ನೆರಡು ವರ್ಷ ಮೊದಲೇ ಜನರ ಮುಂದೆ ಇಟ್ಟಿತ್ತು.

ಶರಪಂಜರದ ಕಾವೇರಿ

ಇಷ್ಟಾದರೂ ಕಲ್ಪನಾ ಅಂದ ಕೂಡಲೇ ಜನ ನೆನೆಯುವುದು 1971ರ 'ಶರಪಂಜರ'ವನ್ನೇ. ಪುಟ್ಟಣ್ಣನವರ ನಿರ್ದೇಶನ, ತ್ರಿವೇಣಿಯವರ ಕಾದಂಬರಿ. ತಾವು ಬರೆದ ಕಥೆಗಳು ಹೀಗೆ ಒಂದರ ಹಿಂದೊಂದು ಸಿನಿಮಾ ಆಗಿ ಮನೆಮಾತಾದದ್ದನ್ನು ನೋಡಲು ತ್ರಿವೇಣಿಯವರೇ ಇರಲಿಲ್ಲ. 1963ರಲ್ಲೇ, ಕಲ್ಪನಾ ಚಿತ್ರರಂಗಕ್ಕೆ ಬಂದ ವರ್ಷವೇ, ಮೂವತ್ತೈದೂ ತುಂಬದ ವಯಸ್ಸಿನಲ್ಲಿ ಅವರು ತೀರಿಕೊಂಡಿದ್ದರು.

ಕಾವೇರಿ ಒಳ್ಳೆಯ ಮನೆ ಸೇರಿದ ಹೆಣ್ಣು. ಪ್ರೀತಿಸುವ ಗಂಡ, ಮಕ್ಕಳು, ಯಾವುದಕ್ಕೂ ಕೊರತೆಯಿಲ್ಲ. ಬಾಣಂತನದಲ್ಲಿ ಬುದ್ಧಿ ಭ್ರಮಣೆಯಾಗುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ, ವಾಸಿಯಾಗುತ್ತದೆ, ಮನೆಗೆ ಬರುತ್ತಾಳೆ. ಕಥೆ ಶುರುವಾಗುವುದೇ ಇಲ್ಲಿಂದ ಅನ್ನಬೇಕು. ಕಾಯಿಲೆ ಹೋಗಿದೆ, ಆದರೆ ಹುಚ್ಚಿ ಎಂಬ ಹೆಸರು ಹೋಗಿಲ್ಲ. ನಕ್ಕರೂ ಅನುಮಾನ, ಅತ್ತರೂ ಅನುಮಾನ, ಸುಮ್ಮನೆ ಕೂತರೂ ಅನುಮಾನ. ಅಕ್ಕಪಕ್ಕದವರು ದೂರ ಸರಿಯುತ್ತಾರೆ. ಕೈಹಿಡಿದ ಗಂಡನೇ ಬೇರೆ ಹೆಣ್ಣಿನ ಕಡೆ ತಿರುಗಿರುತ್ತಾನೆ. ವೈದ್ಯರು ವಾಸಿ ಮಾಡಿ ಕಳಿಸಿದ ಜೀವವನ್ನು ಮನೆ ಮತ್ತು ಸಮಾಜ ಸೇರಿ ಮತ್ತೆ ಆಸ್ಪತ್ರೆಗೆ ಅಟ್ಟುತ್ತವೆ.

ಈ ಪಾತ್ರದಲ್ಲಿ ಕಲ್ಪನಾ ಅವರು ಮಾಡಿದ್ದು ಅಭಿನಯವೋ, ನಿಜವೋ ಎಂದು ಜನ ಮರೆತುಬಿಟ್ಟರು. ಸಂತೋಷದ ಕಾವೇರಿ, ಹೆದರಿದ ಕಾವೇರಿ, ಎಲ್ಲರ ವಿಶ್ವಾಸ ಮತ್ತೆ ಗಳಿಸಲು ಹೆಣಗುವ ಕಾವೇರಿ, ಕೊನೆಗೆ ಮುರಿದುಬೀಳುವ ಕಾವೇರಿ. ಇಷ್ಟನ್ನೂ ಒಬ್ಬಳೇ ಹೊತ್ತು ನಿಂತರು. ಅವರ ಅಭಿನಯದಲ್ಲಿ ನಾಟಕದ ಅಬ್ಬರ ಸ್ವಲ್ಪ ಜಾಸ್ತಿ ಅಂತ ಹೇಳುವವರು ಇದ್ದರು, ಇದ್ದಾರೆ. ಆದರೆ ಆ ಅಬ್ಬರದ ಒಳಗೆ ಇದ್ದ ಸಂಕಟ ಸುಳ್ಳಲ್ಲ ಅನ್ನುವುದನ್ನು ಅವರೂ ಒಪ್ಪುತ್ತಾರೆ. ರಾಜ್ಯ ಸರ್ಕಾರದ ಅತ್ಯುತ್ತಮ ನಟಿ ಪ್ರಶಸ್ತಿ ಅವರಿಗೆ ಒಂದಕ್ಕಿಂತ ಹೆಚ್ಚು ಸಲ ಬಂತು. ಅದಕ್ಕಿಂತ ದೊಡ್ಡ ಪ್ರಶಸ್ತಿ ಅಂದರೆ ಜನ ಕೊಟ್ಟ ಮಿನುಗುತಾರೆ ಎಂಬ ಬಿರುದು. ಅವರು ಉಟ್ಟ ಸೀರೆ, ತೊಟ್ಟ ರವಿಕೆ, ಇಟ್ಟ ಕುಂಕುಮ ಎಲ್ಲವೂ ಆ ಕಾಲದ ಹೆಣ್ಣುಮಕ್ಕಳಿಗೆ ಮಾದರಿಯಾದವು. ಕಲ್ಪನಾ ಥರ ಅಂದರೆ ಸಾಕು, ದರ್ಜಿಗೆ ಅರ್ಥವಾಗುತ್ತಿತ್ತು.

ಏರಿದ ಮೇಲಿನ ಇಳಿಜಾರು

'ಶರಪಂಜರ'ದ ನಂತರ ಪುಟ್ಟಣ್ಣ ಮತ್ತು ಕಲ್ಪನಾ ಮತ್ತೆ ಕೂಡಿ ಚಿತ್ರ ಮಾಡಲಿಲ್ಲ. ನಾಲ್ಕೈದು ವರ್ಷದಲ್ಲಿ ಕನ್ನಡ ಚಿತ್ರರಂಗದ ದಾರಿಯನ್ನೇ ಬದಲಿಸಿದ ಜೋಡಿ ಅಲ್ಲಿಗೆ ಬೇರೆಯಾಯಿತು. ಆದರೂ ಕಲ್ಪನಾ ಅವರು ಕೈಕಟ್ಟಿ ಕೂರಲಿಲ್ಲ. 1973ರಲ್ಲಿ 'ಗಂಧದ ಗುಡಿ', 1974ರಲ್ಲಿ ವಾಣಿಯವರ ಕಾದಂಬರಿ ಆಧರಿಸಿದ 'ಎರಡು ಕನಸು', 1976ರಲ್ಲಿ ಅನಂತನಾಗ್ ಜೊತೆ 'ಬಯಲುದಾರಿ'. 'ಎರಡು ಕನಸು' ಚಿತ್ರದಲ್ಲಿ ಅವರದು ಗೌರಿಯ ಪಾತ್ರ. ಗಂಡನ ಮನಸ್ಸಿನಲ್ಲಿ ಇನ್ನೊಬ್ಬಳಿದ್ದಾಳೆ ಅಂತ ಗೊತ್ತಿದ್ದೂ ತಾಳ್ಮೆಯಿಂದ ಕಾದು ಅವನ ಪ್ರೀತಿ ಗೆಲ್ಲುವ ಹೆಂಡತಿ. ಕೂಗಾಟವಿಲ್ಲದೆ, ಮೆಲುದನಿಯಲ್ಲೂ ಗೆಲ್ಲಬಲ್ಲೆ ಎಂದು ಅವರು ತೋರಿಸಿಕೊಟ್ಟ ಪಾತ್ರ ಇದು.

ಆದರೆ ಸಿನಿಮಾ ಅನ್ನುವುದು ಗಂಡಿಗೊಂದು ನ್ಯಾಯ, ಹೆಣ್ಣಿಗೊಂದು ನ್ಯಾಯ ಇರುವ ಜಾಗ. ಲೆಕ್ಕ ಹಾಕಿ ನೋಡಿ. ರಾಜ್‌ಕುಮಾರ್ ಅವರು ಹುಟ್ಟಿದ್ದು 1929ರಲ್ಲಿ, ಕಲ್ಪನಾ ಅವರಿಗಿಂತ ಹದಿನಾಲ್ಕು ವರ್ಷ ದೊಡ್ಡವರು. ಅವರು 2000ನೇ ಇಸವಿಯ 'ಶಬ್ದವೇಧಿ'ಯವರೆಗೂ ನಾಯಕರಾಗಿಯೇ ಇದ್ದರು. ಅದು ಅವರ ಯೋಗ್ಯತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟೇ ಯೋಗ್ಯತೆಯ ನಟಿಗೆ ಮೂವತ್ತು ದಾಟಿದ ಕೂಡಲೇ ಹೊಸ ಮುಖಗಳ ಹಿಂದೆ ನಿಲ್ಲುವ ಗತಿ. ಅವರಿಗೆ ತಕ್ಕ ಕಥೆಗಳು ಕಡಿಮೆಯಾದವು. ಎತ್ತಿಗೆ ಬಲ ಇರುವ ತನಕ ಮೇವು ಅನ್ನುವ ಲೆಕ್ಕ ಇದು. ಬೇಸಾಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲ್ಪನಾ ಅವರು ಆಗ ರಂಗಭೂಮಿಯ ಕಡೆ ಹೊರಟರು. ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಯೊಂದರ ಜೊತೆ ಊರೂರು ತಿರುಗಿ ಅಭಿನಯಿಸಿದರು. ಸಿನಿಮಾದಲ್ಲಿ ಒಂದು ಸಲ ಅತ್ತರೆ ಮುಗಿಯಿತು, ಅದು ಫಿಲ್ಮಿನಲ್ಲಿ ಉಳಿಯುತ್ತದೆ. ನಾಟಕದಲ್ಲಿ ಪ್ರತಿ ರಾತ್ರಿಯೂ ಹೊಸದಾಗಿ ಅಳಬೇಕು. ಕಂಪನಿ ನಾಟಕದ ಆ ಕಷ್ಟ ಬಲ್ಲವರೇ ಬಲ್ಲರು. ಪರದೆಯ ಮೇಲೆ ಮೆರೆದವರು ಹಲಗೆಯ ರಂಗಮಂಚಕ್ಕೆ ಬಂದದ್ದನ್ನು ಕೆಲವರು ಇಳಿಕೆ ಅಂದರು. ದುಡಿದು ಉಣ್ಣುವವರ ಕಣ್ಣಿಗೆ ಅದು ಇಳಿಕೆಯಲ್ಲ, ಕಸುಬಿನ ನಿಷ್ಠೆ.

1979ರ ಮೇ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರ, ಗೋಟೂರಿನ ಪ್ರವಾಸಿ ಮಂದಿರದಲ್ಲಿ ಅವರ ಬದುಕು ಮುಗಿಯಿತು. ಮೂವತ್ತಾರು ಇನ್ನೂ ತುಂಬಿರಲಿಲ್ಲ. ಆ ಸಾವಿನ ಸುತ್ತ ಆಗಿನಿಂದ ಈಗಿನವರೆಗೂ ಬೇಕಾದಷ್ಟು ಗುಸುಗುಸು ನಡೆದಿದೆ. ಸತ್ತವರು ಎದ್ದು ಬಂದು ಉತ್ತರ ಹೇಳಲಾರರು. ಆದ್ದರಿಂದ ಆ ಮಾತನ್ನು ಕೆದಕುವುದು ಬೇಡ. ಒಂದು ಮಾತ್ರ ಹೇಳಬಹುದು. ಪರದೆಯ ಮೇಲಿನ ಕಾವೇರಿಗಾಗಿ ನಾಡಿಗೆ ನಾಡೇ ಅತ್ತಿತ್ತು. ಆ ಪಾತ್ರ ಮಾಡಿದ ಹೆಣ್ಣುಮಗಳು ಮಾತ್ರ ತನ್ನವರಿಂದ ದೂರ, ಯಾವುದೋ ಊರಿನ ಬಂಗಲೆಯಲ್ಲಿ ಕಣ್ಣು ಮುಚ್ಚಿದಳು. ಅವರನ್ನು ಬೆಳೆಸಿದ ಪುಟ್ಟಣ್ಣನವರೂ 1985ರಲ್ಲಿ ತೀರಿಕೊಂಡರು.

ನಮಗೆ ಉಳಿದದ್ದು

ಹದಿನಾರು ವರ್ಷದ ಬಣ್ಣದ ಬದುಕು ಇದು. ಇದರಿಂದ ನಮಗೆ ಉಳಿದದ್ದು ಏನು ಅಂತ ಕೇಳಿಕೊಂಡರೆ, ನನಗೆ ಎರಡು ಮಾತು ಹೊಳೆಯುತ್ತದೆ.

ಮೊದಲನೆಯದು, ಕಾವೇರಿಯರು ಸಿನಿಮಾದಲ್ಲಿ ಮಾತ್ರ ಇಲ್ಲ. ಬಾಣಂತನದ ನಂತರ ಮಂಕಾದವರು, ಸಾಲ ಸೋಲಗಳಿಂದ ಮನಸ್ಸು ಕೆಟ್ಟವರು, ಚಿಕಿತ್ಸೆ ಪಡೆದು ವಾಸಿಯಾಗಿ ಬಂದವರು ಯಾವ ಊರಲ್ಲಿ ಇಲ್ಲ? ಜ್ವರ ಬಿಟ್ಟವನನ್ನು ಯಾರೂ ಜನ್ಮಪೂರ್ತಿ ಜ್ವರದವ ಅಂತ ಕರೆಯುವುದಿಲ್ಲ. ಮನಸ್ಸಿನ ಕಾಯಿಲೆ ವಾಸಿಯಾದವರಿಗೆ ಮಾತ್ರ ಹಳೆಯ ಹೆಸರು ಯಾಕೆ ಅಂಟಿರಬೇಕು? ಈಗ ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರಿದ್ದಾರೆ. ಔಷಧಿ ಅವರು ಕೊಡುತ್ತಾರೆ. ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟು ಮೊದಲಿನಂತೆ ಮಾತಾಡಿಸುವ ಕೆಲಸ ನಮ್ಮದು.

ಎರಡನೆಯದು, ಯಾರಿಗೇ ಆಗಲಿ ಒಳ್ಳೆಯ ಕಾಲದಲ್ಲಿ ಸುತ್ತ ಜನ ಇರುತ್ತಾರೆ. ಕಷ್ಟ ಬಂದಾಗ ಜೊತೆಗೆ ನಿಲ್ಲುವ ಒಂದು ಕಟ್ಟು ಇರಬೇಕು. ಒಬ್ಬನ ಬೆಳೆ ಹೋದ ವರ್ಷ ಇನ್ನೊಬ್ಬನ ಠೇವಣಿ ಅವನನ್ನು ಎತ್ತಿ ಹಿಡಿಯಲಿ ಅಂತಲೇ ಹಿರಿಯರು ಸಹಕಾರ ಸಂಘ ಕಟ್ಟಿದ್ದು. ಆ ಆಸರೆ ಹಣದ್ದು ಮಾತ್ರ ಆಗದೆ ಮನಸ್ಸಿನದೂ ಆದರೆ, ಕಲ್ಪನಾ ಅವರಂಥ ಕಲಾವಿದೆಯನ್ನು ನೆನೆದದ್ದಕ್ಕೂ ಸಾರ್ಥಕ, ನಾವು ಬೆಳ್ಳಿಹಬ್ಬ ಆಚರಿಸಿದ್ದಕ್ಕೂ ಸಾರ್ಥಕ.