ರಾಜರ್ಷಿ ಶಾಹು ಮಹಾರಾಜರು

ಪಂಚಗಂಗಾ ನದಿಯ ದಡದ ಮೇಲೆ, ಮಹಾಲಕ್ಷ್ಮಿಯ ಕ್ಷೇತ್ರವೆಂದು ಪ್ರಸಿದ್ಧವಾದ ಕೊಲ್ಲಾಪುರ ಪಟ್ಟಣವಿದೆ. ಛತ್ರಪತಿ ಶಿವಾಜಿಯ ಸೊಸೆ ತಾರಾಬಾಯಿಯು 18ನೆಯ ಶತಮಾನದ ಆರಂಭದಲ್ಲಿ ಸ್ಥಾಪಿಸಿದ ಮರಾಠಾ ಸಂಸ್ಥಾನಕ್ಕೆ ಅದು ಮುಂದೆ ರಾಜಧಾನಿಯಾಯಿತು. ಇಂದಿನ ಬೆಳಗಾವಿ ಜಿಲ್ಲೆಯ ರಾಯಬಾಗವೂ ಆ ಸಂಸ್ಥಾನಕ್ಕೆ ಸೇರಿತ್ತು. 19ನೆಯ ಶತಮಾನದಲ್ಲಿ ಈ ರಾಜ್ಯವು ಬ್ರಿಟಿಷರ ಅಧೀನಕ್ಕೆ ಬಂದಿತು. ಅರಸನಿಗೆ ಗಾದಿಯೂ ಬಿರುದೂ ಉಳಿದವು. ಮುಖ್ಯವಾದ ವಿಷಯಗಳಲ್ಲಿ ಪೊಲಿಟಿಕಲ್ ಏಜೆಂಟನ ಮಾತೇ ಕೊನೆಯದಾಯಿತು. ರಾಜಾರಾಮ ಮಹಾರಾಜರು ಯುರೋಪಿನ ಪ್ರವಾಸದಿಂದ ಮರಳುವಾಗ 1870ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ತೀರಿಕೊಂಡರು. ಅವರ ಅನಂತರ ದತ್ತಕಕ್ಕೆ ಬಂದ ಶಿವಾಜಿ ಮಹಾರಾಜರನ್ನು, ಚಿತ್ತಸ್ವಾಸ್ಥ್ಯ ಕೆಟ್ಟಿದೆಯೆಂಬ ಕಾರಣದಿಂದ ಬ್ರಿಟಿಷರು ಅಹಮದನಗರದ ಕೋಟೆಯಲ್ಲಿರಿಸಿದರು. ಅವರು 1883ರಲ್ಲಿ ಅಲ್ಲಿಯೇ ಅಸುನೀಗಿದರು.

ಇಂತಹ ಬಲಗುಂದಿದ ಗಾದಿಗೆ ಉತ್ತರಾಧಿಕಾರಿಯಾಗಿ ಬಂದವನು ಹತ್ತು ವರ್ಷವೂ ತುಂಬದ ಬಾಲಕ. ಕಾಗಲದ ಘಾಟಗೆ ಮನೆತನದಲ್ಲಿ 1874ರ ಜೂನ್ 26ರಂದು ಜನಿಸಿದ ಈತನ ಮೊದಲ ಹೆಸರು ಯಶವಂತರಾವ್. ತಾಯಿ ರಾಧಾಬಾಯಿ ನಮ್ಮ ಮುಧೋಳದ ಘೋರ್ಪಡೆ ಅರಸುಮನೆತನದ ಮಗಳು. ಆಕೆ ಮಗನ ಎಳವೆಯಲ್ಲಿಯೇ ತೀರಿಕೊಂಡಳು. 1884ರಲ್ಲಿ ವಿಧವೆ ರಾಣಿ ಆನಂದೀಬಾಯಿ ಈತನನ್ನು ದತ್ತು ಪಡೆದು ಶಾಹು ಎಂದು ಹೆಸರಿಟ್ಟಳು. ರಾಜಕೋಟೆಯ ರಾಜಕುಮಾರ ಕಾಲೇಜಿನಲ್ಲಿ ಓದಿದ ಮೇಲೆ ಶಾಹು ಧಾರವಾಡಕ್ಕೆ ಬಂದು, ಸ್ಟುವರ್ಟ್ ಫ್ರೇಜರ್ ಎಂಬ ಆಂಗ್ಲ ಅಧಿಕಾರಿಯ ಬಳಿ ವಿದ್ಯಾಭ್ಯಾಸ ಮುಂದುವರಿಸಿದರು. ಇದೇ ಫ್ರೇಜರ್ ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುವಾದರು.

1894ರ ಏಪ್ರಿಲ್ 2ರಂದು ಶಾಹು ಮಹಾರಾಜರು ಆಡಳಿತದ ಹೊಣೆ ವಹಿಸಿಕೊಂಡರು. ಆಗ ಸಾಮಾನ್ಯ ಆಡಳಿತದ 71 ಹುದ್ದೆಗಳಲ್ಲಿ 60 ಹುದ್ದೆಗಳು ಬ್ರಾಹ್ಮಣರ ಕೈಯಲ್ಲಿದ್ದವು. ರೈತರು, ಕುಶಲಕರ್ಮಿಗಳು ಹಾಗೂ ಅಸ್ಪೃಶ್ಯರೆನಿಸಿಕೊಂಡವರಲ್ಲಿ ಬಹುಪಾಲು ಜನರು ಶಾಲೆಯ ಹೊಸ್ತಿಲನ್ನೂ ತುಳಿದಿರಲಿಲ್ಲ. ವಿದ್ಯೆಯಿಲ್ಲದವರಿಗೆ ಹುದ್ದೆಯಿಲ್ಲ, ಹುದ್ದೆಯಿಲ್ಲದವರ ದೂರನ್ನು ಕೇಳುವವರಿಲ್ಲ.

1899ರ ಕಾರ್ತಿಕಮಾಸದಲ್ಲಿ ನಡೆದ ಒಂದು ಘಟನೆ ಮಹಾರಾಜರ ಕಣ್ಣು ತೆರೆಸಿತು. ಪಂಚಗಂಗೆಯಲ್ಲಿ ಸ್ನಾನ ಮಾಡುವಾಗ ಪುರೋಹಿತನು ವೇದಮಂತ್ರಗಳಿಗೆ ಬದಲಾಗಿ ಪುರಾಣೋಕ್ತ ಮಂತ್ರಗಳನ್ನು ಹೇಳುತ್ತಿದ್ದುದು ಅವರ ಗಮನಕ್ಕೆ ಬಂದಿತು. ಅರಸರು ಕ್ಷತ್ರಿಯರಲ್ಲ, ಅವರಿಗೆ ವೇದೋಕ್ತ ವಿಧಿಯ ಅಧಿಕಾರವಿಲ್ಲ ಎಂಬುದು ಪುರೋಹಿತನ ವಾದ. ಇದರಿಂದ ಎದ್ದ ವಿವಾದವು ಹಲವು ವರ್ಷ ನಡೆಯಿತು. ರಾಜಪುರೋಹಿತನ ಇನಾಮುಗಳನ್ನು ಸಂಸ್ಥಾನ ಹಿಂದಕ್ಕೆ ಪಡೆಯಿತು. ಆದರೆ ಮಹಾರಾಜರ ಚಿಂತನೆ ಸ್ವಂತದ ಅಪಮಾನದಲ್ಲಿಯೇ ನಿಲ್ಲಲಿಲ್ಲ. ಸಿಂಹಾಸನದ ಮೇಲಿದ್ದವನಿಗೇ ಈ ಸ್ಥಿತಿಯಾದರೆ, ಊರಾಚೆಯ ಗುಡಿಸಲಿನಲ್ಲಿರುವವನ ಪಾಡೇನೆಂಬ ಪ್ರಶ್ನೆ ಅವರನ್ನು ಕಾಡಿತು.

ಈ ಪ್ರಶ್ನೆಗೆ ಅವರು ಕಾರ್ಯದಿಂದ ಉತ್ತರಿಸಿದರು. ಹಳ್ಳಿಯ ಹುಡುಗರು ಪಟ್ಟಣದಲ್ಲಿದ್ದು ಓದಲೆಂದು 1901ರಿಂದ ಮರಾಠಾ, ಜೈನ, ಮುಸ್ಲಿಮ್, ಲಿಂಗಾಯತ ಮೊದಲಾದ ಸಮಾಜಗಳ ವಿದ್ಯಾರ್ಥಿನಿಲಯಗಳು ಒಂದೊಂದಾಗಿ ತಲೆಯೆತ್ತಿದವು. 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗೂ ನಿಲಯವಾಯಿತು. ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕಾಗಿ ಮಹಾರಾಜರು ಇಂಗ್ಲೆಂಡಿಗೆ ಹೋಗಿದ್ದ ಸಮಯದಲ್ಲಿಯೇ, 1902ರ ಜುಲೈ 26ರಂದು ಅವರ ಆಜ್ಞೆ ಪ್ರಕಟವಾಯಿತು. ಇನ್ನು ಮುಂದೆ ತೆರವಾಗುವ ಹುದ್ದೆಗಳಲ್ಲಿ ಶೇಕಡ 50ರಷ್ಟು ಹಿಂದುಳಿದವರಿಗೆ ಮೀಸಲಾಗಬೇಕು. ಪ್ರತಿಯೊಬ್ಬ ಮುಖ್ಯಾಧಿಕಾರಿಯೂ ಮೂರು ತಿಂಗಳಿಗೊಮ್ಮೆ ನೇಮಕಗಳ ಲೆಕ್ಕ ಒಪ್ಪಿಸಬೇಕು. ಆಜ್ಞೆ ಕಾಗದದಲ್ಲಿಯೇ ಉಳಿಯಬಾರದೆಂಬ ಎಚ್ಚರ ಆ ಕಡೆಯ ಮಾತಿನಲ್ಲಿ ಎದ್ದು ಕಾಣುತ್ತದೆ. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದರು. ಮಕ್ಕಳನ್ನು ಶಾಲೆಗೆ ಕಳುಹಿಸದ ತಂದೆತಾಯಿಗಳಿಗೆ ತಿಂಗಳಿಗೆ ಒಂದು ರೂಪಾಯಿ ದಂಡ ವಿಧಿಸುವ ನಿಯಮವೂ ಬಂದಿತು.

1919ರಲ್ಲಿ ಶಾಲೆ, ಆಸ್ಪತ್ರೆ, ಬಾವಿ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಅಸ್ಪೃಶ್ಯತೆಯ ಆಚರಣೆ ನಿಷಿದ್ಧವಾಯಿತು. ಕಾಯಿದೆಗಿಂತ ನಡತೆ ಹೆಚ್ಚು ಕಲಿಸುತ್ತದೆಂಬುದನ್ನು ಮಹಾರಾಜರು ಬಲ್ಲರು. ಅರಮನೆಯ ಸೇವೆಯಲ್ಲಿದ್ದ ಗಂಗಾರಾಮ ಕಾಂಬಳೆ ಎಂಬಾತನನ್ನು, ನೀರಿನ ತೊಟ್ಟಿಯನ್ನು ಮುಟ್ಟಿದನೆಂದು ಇತರರು ಥಳಿಸಿದರು. ಮಹಾರಾಜರು ಆತನಿಗೆ ಪಟ್ಟಣದಲ್ಲಿ ಚಹದಂಗಡಿ ತೆರೆಯಲು ನೆರವಾದರು. ಅಸ್ಪೃಶ್ಯನ ಅಂಗಡಿಗೆ ಗಿರಾಕಿಗಳು ಬಾರದಿದ್ದಾಗ ತಾವೇ ಗಾಡಿ ನಿಲ್ಲಿಸಿ ಚಹ ಕುಡಿದರು, ಜೊತೆಯವರಿಗೂ ಕುಡಿಸಿದರು.

ರೈತರ ಹೊಲಗಳಿಗೆ ನೀರೊದಗಿಸಲು ಭೋಗಾವತಿ ನದಿಗೆ ಕಟ್ಟತೊಡಗಿದ ರಾಧಾನಗರಿ ಅಣೆಕಟ್ಟು ಅವರ ದೂರದೃಷ್ಟಿಗೆ ಸಾಕ್ಷಿಯಾಗಿದೆ. ಅದು ಪೂರ್ಣಗೊಂಡುದನ್ನು ಕಾಣಲು ಅವರು ಬದುಕಿರಲಿಲ್ಲ.

ಈ ಹಾದಿ ಸುಗಮವಾಗಿರಲಿಲ್ಲ. ವೇದೋಕ್ತ ವಿವಾದದಲ್ಲಿ ಲೋಕಮಾನ್ಯ ತಿಲಕರಂಥವರೂ ಮಹಾರಾಜರನ್ನು ವಿರೋಧಿಸಿದರು. ಬ್ರಿಟಿಷರ ಆಶ್ರಯ ಬಯಸುವವರೆಂಬ ಆಕ್ಷೇಪವೂ ಅವರ ಮೇಲೆ ಬಂದಿತು. ಪರಾಧೀನ ಗಾದಿಯ ಅರಸರಾದ ಅವರು ಸಾಮ್ರಾಜ್ಯದೊಡನೆ ವಿರಸ ಕಟ್ಟಿಕೊಳ್ಳಲಿಲ್ಲವೆಂಬುದು ನಿಜ. ಆದರೆ ವಿದ್ಯೆಯಿಲ್ಲದ ಬಹುಜನರಿಗೆ ನಾಳೆ ಬರುವ ಸ್ವರಾಜ್ಯದಲ್ಲಿ ಪಾಲು ದೊರೆಯುವುದೇ ಎಂಬುದು ಅವರ ನಿಜವಾದ ಆತಂಕವಾಗಿತ್ತು. 1920ರ ಮಾರ್ಚಿಯಲ್ಲಿ ಮಾಣಗಾವಿಯ ಸಮ್ಮೇಳನದಲ್ಲಿ, ಇನ್ನೂ ಮೂವತ್ತು ತುಂಬದ ಭೀಮರಾವ್ ಅಂಬೇಡ್ಕರರೇ ಮುಂದಿನ ನಾಯಕರೆಂದು ಅವರು ಜನರೆದುರಿಗೆ ಸಾರಿದರು.

1922ರ ಮೇ 6ರಂದು ಮುಂಬಯಿಯಲ್ಲಿ ಮಹಾರಾಜರು ಕಾಲವಶರಾದರು. ಆಗ ಅವರಿಗೆ 48 ವರ್ಷವೂ ತುಂಬಿರಲಿಲ್ಲ. 1949ರಲ್ಲಿ ಕೊಲ್ಲಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರುವರ್ಷ ಜಾರಿಗೆ ಬಂದ ಭಾರತದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿ, ಹಿಂದುಳಿದವರಿಗೆ ಮೀಸಲಾತಿಯ ಅವಕಾಶ ನೀಡಿತು. ಅದರ ಕರಡು ಸಮಿತಿಯ ಅಧ್ಯಕ್ಷರಾಗಿದ್ದವರು ಮಾಣಗಾವಿಯಲ್ಲಿ ಮಹಾರಾಜರು ಗುರುತಿಸಿದ ಆ ಯುವಕರೇ. ತಮ್ಮ ಕೈಗೆ ಉಳಿದಿದ್ದ ಅಲ್ಪ ಅಧಿಕಾರವನ್ನು ಅಧಿಕಾರವೇ ಇಲ್ಲದವರಿಗಾಗಿ ಬಳಸಿದ ಶಾಹು ಮಹಾರಾಜರಿಗೆ ಜನರು ಕೊಟ್ಟ ರಾಜರ್ಷಿ ಎಂಬ ಬಿರುದು ಸಾರ್ಥಕವಾದುದು.