ಮಣ್ಣಿನ ಹಾವುಗಳಿಗೆ ಹೆಸರಿಟ್ಟ ರಿಚರ್ಡ್ ಹೆನ್ರಿ ಬೆಡ್ಡೋಮ್

ಕನ್ನಡ ನಾಡಿನಲ್ಲಿ ಹಾವಿಗೆ ಸಂದಿರುವುದು ಹೆಚ್ಚಾಗಿ ಎರಡೇ ಬಗೆಯ ಗಮನ. ನಾಗರಹಾವಿಗೆ ಕಲ್ಲಿನ ಪ್ರತಿಮೆ, ಪಂಚಮಿಯ ಹಾಲು. ಕೊಳಕುಮಂಡಲಕ್ಕೆ ದೊಣ್ಣೆಯ ಪೆಟ್ಟು. ಈ ಭಕ್ತಿಗೂ ಭಯಕ್ಕೂ ನಿಲುಕದೆ, ಮಣ್ಣೊಳಗೆ ಎರೆಹುಳು ತಿಂದು ಬದುಕುವ ಹಾವುಗಳ ದೊಡ್ಡದೊಂದು ಕುಲವೇ ಪಶ್ಚಿಮ ಘಟ್ಟಗಳಲ್ಲಿದೆ. ಅವುಗಳನ್ನು ಲೋಕದ ಅರಿವಿಗೆ ತಂದವರಲ್ಲಿ ಅಗ್ರಗಣ್ಯರು ರಿಚರ್ಡ್ ಹೆನ್ರಿ ಬೆಡ್ಡೋಮ್. ಅವರ ಶೋಧದ ಮುಖ್ಯ ನೆಲೆಗಳಲ್ಲೊಂದು ಇಂದಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ದಕ್ಷಿಣದಂಚಿನಲ್ಲಿರುವ ಆನೆಮಲೆ.

ಬೆಡ್ಡೋಮ್ ಅವರು ಹುಟ್ಟಿದ್ದು 1830ರಲ್ಲಿ, ಇಂಗ್ಲೆಂಡಿನಲ್ಲಿ. ತಂದೆ ವಕೀಲರು, ಮಗನೂ ನ್ಯಾಯಶಾಸ್ತ್ರ ಓದಬೇಕೆಂಬುದು ಮನೆಯ ಅಪೇಕ್ಷೆ. ಮಗನ ಒಲವು ಬೇರೆಯಿತ್ತು. ಹದಿನೆಂಟನೆಯ ವಯಸ್ಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿ, 1848ರಲ್ಲಿ ಮದ್ರಾಸ್ ಕಾಲಾಳು ಪಡೆಯ ಅಧಿಕಾರಿಯಾಗಿ ಭಾರತಕ್ಕೆ ಬಂದರು. ಸಸ್ಯಗಳ ಬಗೆಗೆ ಅವರಿಗಿದ್ದ ಆಸಕ್ತಿ ಹ್ಯೂ ಕ್ಲೆಗ್‌ಹಾರ್ನ್ ಅವರ ಕಣ್ಣಿಗೆ ಬಿದ್ದಿತು. ಮದ್ರಾಸ್ ಪ್ರಾಂತ್ಯದಲ್ಲಿ ಆಗತಾನೇ ರೂಪುಗೊಂಡಿದ್ದ ಅರಣ್ಯ ಇಲಾಖೆಯ ಮುಖ್ಯಸ್ಥರು ಅವರು. 1850ರ ದಶಕದ ಕೊನೆಯಲ್ಲಿ ಅವರ ಸಹಾಯಕರಾದ ಬೆಡ್ಡೋಮ್, ಮುಂದೆ ಅವರ ಸ್ಥಾನವನ್ನೇ ವಹಿಸಿಕೊಂಡು 1882ರವರೆಗೆ ಇಲಾಖೆಯನ್ನು ನಡೆಸಿದರು.

ಅಂದಿನ ಕೊಯಮತ್ತೂರು ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. ನಮ್ಮ ಕೊಳ್ಳೇಗಾಲವೂ 1956ರವರೆಗೆ ಅದರದೇ ತಾಲ್ಲೂಕಾಗಿತ್ತು. ಈ ಜಿಲ್ಲೆಯ ಆನೆಮಲೆಯ ತೇಗಕ್ಕೆ ಮುಂಬಯಿಯ ಹಡಗುಕಟ್ಟೆಯಿಂದಲೂ ರೈಲುಮಾರ್ಗಗಳಿಂದಲೂ ಬೇಡಿಕೆಯಿತ್ತು. ದಿಮ್ಮಿಗಳನ್ನು ಬೆಟ್ಟದ ಮೇಲಿನಿಂದ ಜಾರಿಸುತ್ತಿದ್ದ ಜಾಗಕ್ಕೆ ಟಾಪ್‌ಸ್ಲಿಪ್ ಎಂಬ ಹೆಸರು ಇಂದಿಗೂ ಉಳಿದಿದೆ. ಮರವನ್ನು ಲೆಕ್ಕವಿಟ್ಟು ಕಡಿಯುವುದು, ಮುಗಿದುಹೋಗದಂತೆ ಕಾಯುವುದು, ಇವೆರಡೂ ಬೆಡ್ಡೋಮ್ ಅವರ ಹುದ್ದೆಯ ಹೊಣೆ. ಆ ಹೊಣೆಯ ನಡುವೆಯೇ ಅವರು ದಕ್ಷಿಣ ಭಾರತದ ಜರೀಗಿಡಗಳ ಕುರಿತೂ ಮರಗಳ ಕುರಿತೂ ಸಚಿತ್ರ ಗ್ರಂಥಗಳನ್ನು ರಚಿಸಿದರು. 1869ರಿಂದ 1873ರವರೆಗೆ ಕಂತುಕಂತಾಗಿ ಹೊರಬಂದ 'ಫ್ಲೋರಾ ಸಿಲ್ವಾಟಿಕಾ' ಅವುಗಳಲ್ಲಿ ಪ್ರಸಿದ್ಧವಾದುದು.

ಮರದ ತುದಿಯನ್ನು ನೋಡಬೇಕಾದ ಅಧಿಕಾರಿ ಮರದ ಬುಡವನ್ನೂ ನೋಡಿದ್ದು ಅವರ ವಿಶೇಷ. ಕೊಳೆತ ದಿಮ್ಮಿಯ ಅಡಿಯಲ್ಲಿ, ತರಗೆಲೆಯ ಕೆಳಗೆ, ತೇವದ ಮಣ್ಣಿನಲ್ಲಿ ಅವರಿಗೆ ಸಿಕ್ಕಿದ್ದು ಗೇಣುದ್ದದ, ನುಣುಪು ಮೈಯ, ವಿಷವಿಲ್ಲದ ಹಾವುಗಳು. ಇವು ಮೊಟ್ಟೆಯಿಡದೆ ಮರಿ ಹಾಕುತ್ತವೆ. ಚೂಪಾದ ತಲೆಯಿಂದ ಮಣ್ಣನ್ನು ಬಗೆಯುತ್ತ ಸಾಗುತ್ತವೆ. ಇವುಗಳಲ್ಲಿ ಅನೇಕ ಬಗೆಗಳ ಬಾಲವು ಕತ್ತಿಯಿಂದ ಓರೆಯಾಗಿ ಕಡಿದಂತಿದ್ದು, ತುದಿಯಲ್ಲಿ ಒರಟಾದ ಹಲ್ಲೆಯಿರುತ್ತದೆ. ಅದಕ್ಕೆ ಮೆತ್ತಿಕೊಂಡ ಮಣ್ಣು ಬಿಲಕ್ಕೆ ಬಿರಡೆಯಾಗಿ, ಹಿಂದಿನಿಂದ ಬರುವ ಶತ್ರುವನ್ನು ತಡೆಯುತ್ತದೆ. ವಿಜ್ಞಾನಿಗಳು ಇಟ್ಟ 'ಯೂರೋಪೆಲ್ಟಿಸ್' ಎಂಬ ಗ್ರೀಕ್ ಮೂಲದ ಹೆಸರಿಗೆ ಗುರಾಣಿಬಾಲ ಎಂದೇ ಅರ್ಥ. ಮರಾಠಿಯ ಹೆಸರು 'ಖಾಪರಖವಲ್ಯಾ': ಖಾಪರವೆಂದರೆ ಮಡಕೆಯ ಚೂರು, ಖವಲೆಯೆಂದರೆ ಹುರುಪೆ. ಗ್ರೀಕ್ ಹೆಸರು ಗುರಾಣಿಯನ್ನು ಕಂಡ ಕಡೆ ಮರಾಠಿ ಕಂಡದ್ದು ಒಡೆದ ಮಡಕೆಯನ್ನು. ನಮ್ಮಲ್ಲಿಯಾದರೋ ತಲೆ ಯಾವುದು, ಬಾಲ ಯಾವುದು ಎಂದು ತಿಳಿಯದ ಹಾವನ್ನೆಲ್ಲ ಎರಡು ತಲೆಯ ಹಾವೆಂದು ಕರೆದುಬಿಡುವುದು ವಾಡಿಕೆ.

1862ರಲ್ಲಿ ಬೆಡ್ಡೋಮ್ ಅವರು ಆನೆಮಲೆಯ ದೊಡ್ಡ ಹುರುಪೆಯ ಹಸಿರು ಗುಳಿಮಂಡಲವನ್ನು ಲೋಕಕ್ಕೆ ಪರಿಚಯಿಸಿದರು. ಅದೇ ವರ್ಷ ಬ್ರಿಟಿಷ್ ಮ್ಯೂಸಿಯಮ್ಮಿನ ಆಲ್ಬರ್ಟ್ ಗುಂಥರ್ ಅವರು ಆನೆಮಲೆಯ ಮಣ್ಣುಹಾವೊಂದಕ್ಕೆ ಬೆಡ್ಡೋಮ್ ಅವರ ಹೆಸರನ್ನೇ ಇಟ್ಟರು. ಅಲ್ಲಿಂದ ಸುಮಾರು ಕಾಲು ಶತಮಾನದವರೆಗೆ ಆನೆಮಲೆ, ವಯನಾಡು, ನೀಲಗಿರಿ, ತಿರುವಾಂಕೂರಿನ ಬೆಟ್ಟಗಳಿಂದ ಒಂದೊಂದಾಗಿ ಹೊಸ ಬಗೆಗಳನ್ನು ಅವರು ವರ್ಣಿಸುತ್ತ ಹೋದರು. 1886ರಲ್ಲಿ ಭಾರತ ಮತ್ತು ಸಿಂಹಳದ ಮಣ್ಣುಹಾವುಗಳ ಸಮಗ್ರ ವಿವರಣೆಯನ್ನು ಪ್ರಕಟಿಸಿದರು. ಆಗ ಅವರು ಸೇವೆಯಿಂದ ನಿವೃತ್ತರಾಗಿದ್ದರು.

ಅವರಿಟ್ಟ ಹೆಸರುಗಳಲ್ಲಿ ದಿಂಡಿಗಲ್ ಇದೆ, ಮಹೇಂದ್ರಗಿರಿಯಿದೆ; ಗುಂಥರ್, ಪೀಟರ್ಸ್ ಮೊದಲಾದ ಯುರೋಪಿನ ವಿದ್ವಾಂಸರಿದ್ದಾರೆ. ಆನೆಮಲೆಯ ಕಾಡರು, ಮಲಸರು ಇಲ್ಲ. ಬ್ರಿಟಿಷರ ಕಾಡಿನ ಕೆಲಸವೆಲ್ಲ ನಡೆದದ್ದು ದಾರಿ ಬಲ್ಲ ಈ ಜನರ ನೆರವಿನಿಂದ. ಆದರೂ ಅವರು ಹೆಸರಿಲ್ಲದೆ ಉಳಿದರು. ಇನ್ನೊಂದು ಕೊರತೆಯೂ ಉಂಟು. ಬೆಡ್ಡೋಮ್ ಸಂಗ್ರಹದ ಕೆಲವು ಮಾದರಿಗಳಿಗೆ ಬೆಟ್ಟಸಾಲಿನ ಹೆಸರಷ್ಟೇ ನೆಲೆಯೆಂದು ದಾಖಲಾಗಿರುವುದರಿಂದ, ಆ ಹಾವುಗಳನ್ನು ಮತ್ತೆ ಹುಡುಕುವವರಿಗೆ ಕಷ್ಟವಾಗಿದೆ. ಹಾವನ್ನು ಕೊಂದು ಸೀಸೆಯಲ್ಲಿಡುವುದು ಅಂದಿನ ವಿದ್ವತ್ತಿನ ಮಾರ್ಗ. ಕಾಡನ್ನು ಕಡಿಸಿದ ಇಲಾಖೆಯ ಮುಖ್ಯಸ್ಥರೇ ಆ ಕಾಡಿನ ನೆಲದ ಜೀವಿಗಳನ್ನು ದಾಖಲಿಸಿದರೆಂಬುದು ಅವರ ಬದುಕಿನ ವಿರೋಧಾಭಾಸ. ಅದನ್ನು ಮುಚ್ಚಿಟ್ಟು ಅವರನ್ನು ಹೊಗಳಬೇಕಾಗಿಲ್ಲ; ಅದನ್ನೇ ಹಿಡಿದು ಅವರ ಕೆಲಸವನ್ನು ಅಲ್ಲಗಳೆಯಬೇಕಾಗಿಯೂ ಇಲ್ಲ.

ಏಕೆಂದರೆ ಈ ಹಾವುಗಳಲ್ಲಿ ಹಲವು ಒಂದೇ ಬೆಟ್ಟಸಾಲಿನ ನಿವಾಸಿಗಳು. ಅವು ದೂರ ಹೋಗಲಾರವು. ನೆಲೆ ತಪ್ಪಿದರೆ ಬೇರೆ ನೆಲೆಯಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ವಾಲ್ಪಾರೈ ಸುತ್ತಿನ ಮಳೆಕಾಡು ಕಾಫಿ, ಚಹಾ ತೋಟಗಳಾಗುತ್ತ ಬಂದು, ಕಾಡು ತುಂಡುತುಂಡಾಗಿ ಉಳಿಯಿತು. ಮಳೆಗಾಲದಲ್ಲಿ ಮಣ್ಣಿನಿಂದ ಮೇಲೆದ್ದು ರಸ್ತೆ ದಾಟುವ ಮಣ್ಣುಹಾವುಗಳು ವಾಹನಗಳಡಿ ಸಾಯುತ್ತವೆ. ಆನೆಮಲೆ ಈಗ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಹುಲಿಯನ್ನು ಎಣಿಸುವವರಿದ್ದಾರೆ. ಹೆಜ್ಜೆಯ ಗುರುತನ್ನೇ ಬಿಡದ ಹಾವು ಅಳಿದರೆ, ಅಳಿಯಿತೆಂದು ಹೇಳುವುದಕ್ಕಾದರೂ ಅದು ಇತ್ತೆಂಬ ದಾಖಲೆ ಬೇಕು. ಆ ದಾಖಲೆಯ ಬಹುಭಾಗವನ್ನು ಬರೆದಿಟ್ಟವರು ಬೆಡ್ಡೋಮ್.

1911ರ ಫೆಬ್ರವರಿಯಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಲಂಡನ್ನಿನ ವಾಂಡ್ಸ್‌ವರ್ತ್‌ನಲ್ಲಿ ಅವರು ತೀರಿಕೊಂಡರು. ಕಿಟ್ಟೆಲ್ ಅವರು ಇವರ ಸಮಕಾಲೀನರು. ಅವರು ಕನ್ನಡದ ಪದಗಳನ್ನು ಆಯ್ದು 1894ರಲ್ಲಿ ನಿಘಂಟನ್ನು ಕೊಟ್ಟರು. ಇವರು ಘಟ್ಟದ ಮಣ್ಣಿನಿಂದ ಜೀವಿಗಳನ್ನು ಆಯ್ದರು. ಪದಕೋಶವನ್ನು ನಾವು ಬೆಳೆಸಿಕೊಂಡು ಬಂದಿದ್ದೇವೆ. ಎರಡು ತಲೆಯ ಹಾವೆಂಬ ಒಂದೇ ಮಾತಿನೊಳಗೆ ಅಡಗಿರುವ ಹತ್ತಾರು ಜೀವಗಳಿಗೆ ಕನ್ನಡದ ಹೆಸರುಗಳನ್ನು ಹುಡುಕುವ, ಕಾಡಿನ ಜನರ ಬಾಯಲ್ಲಿರುವ ಹೆಸರುಗಳನ್ನು ಕೇಳಿ ಬರೆದಿಡುವ ಕೆಲಸ ಕನ್ನಡ ವಿದ್ಯಾರ್ಥಿಗಳಿಗೆ ಉಳಿದಿದೆ.